ಜಾತ್ರೆಗೂ ಸಂತೆಗೂ ಸಂಜೆಯ ಮಾತಿಗೂ ಒದಗುವ ಜಾಗ: ಊರಿನ ಗುರುತು ಉಳಿಯುವಂತೆ ಚೌಕ, ಬೀದಿ, ಕಟ್ಟೆಗಳನ್ನು ರೂಪಿಸುವ ಸಮಗ್ರ ಮಾರ್ಗದರ್ಶಿ

ಎರಡು ವರ್ಷಕ್ಕೊಮ್ಮೆ ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಬಂದಾಗ ಹಳೇ ದಾವಣಗೆರೆಯ ಬೀದಿಗಳು ಬೇರೆಯೇ ಕೆಲಸಕ್ಕೆ ನಿಲ್ಲುತ್ತವೆ. ವಾಹನ ಓಡಾಡುತ್ತಿದ್ದ ಕಡೆ ಹಂದರ ಏಳುತ್ತದೆ. ಹರಕೆ ಹೊತ್ತವರು ಬರಿಗಾಲಲ್ಲಿ ನಡೆಯುತ್ತಾರೆ, ಕೆಲವರು ದೀಡು ನಮಸ್ಕಾರ ಹಾಕುತ್ತಾರೆ, ಉರುಳುಸೇವೆ ಮಾಡುತ್ತಾರೆ. ಮನೆಮನೆಗೂ ನೆಂಟರು ಬಂದು ಜಗಲಿಯೂ ಸಾಲದಾಗುತ್ತದೆ. ಇಷ್ಟೆಲ್ಲ ಹೊರಬೇಕಾದ ರಸ್ತೆಯ ಅಂದಾಜುಪಟ್ಟಿಯನ್ನು ತೆರೆದರೆ ಸಾಮಾನ್ಯವಾಗಿ ಕಾಣುವುದು ಡಾಂಬರು, ಚರಂಡಿ, ಇಂಟರ್‌ಲಾಕ್ ಟೈಲ್ಸ್ ಮತ್ತು ವಿದ್ಯುತ್ ಕಂಬ. ಸಂಸ್ಕೃತಿಯ ಲೆಕ್ಕಕ್ಕೆ ಒಂದು ಸ್ವಾಗತ ಕಮಾನೋ ವೃತ್ತದಲ್ಲೊಂದು ಪ್ರತಿಮೆಯೋ ಸೇರಿಕೊಂಡಿರುತ್ತದೆ. ಜನ ನಿಜವಾಗಿ ಮಾಡುವ ಕೆಲಸಕ್ಕೆ ಅಲ್ಲಿ ಒಂದು ಸಾಲೂ ಇರುವುದಿಲ್ಲ.

ಆ ಸಾಲನ್ನು ಬರೆಸುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ವಿಷಯ. ವಾರ್ಡ್ ಸದಸ್ಯರು, ಪಾಲಿಕೆ ಮತ್ತು ನಗರಸಭೆಯ ಎಂಜಿನಿಯರುಗಳು, ಈಗಷ್ಟೇ ಓದು ಮುಗಿಸಿದ ವಾಸ್ತುಶಿಲ್ಪಿಗಳು, ತಮ್ಮ ಬೀದಿ ಚೆನ್ನಾಗಿರಲಿ ಎಂದು ಬಯಸುವ ನಿವಾಸಿಗಳು ಇದನ್ನು ಬಳಸಬಹುದು. ನನ್ನ ನಂಬಿಕೆ ಇಷ್ಟು: ಒಂದು ಸಮುದಾಯದ ಗುರುತು ಅದು ಒಂದು ಜಾಗದಲ್ಲಿ ಏನು ಮಾಡುತ್ತದೆ ಎಂಬುದರಲ್ಲಿದೆ. ಆ ಕೆಲಸಕ್ಕೆ ಬೇಕಾದ ಅಳತೆ, ನೆರಳು, ನೀರು, ಇಳಿಜಾರು ಒದಗಿಸಿದರೆ ಗುರುತು ತಾನಾಗಿಯೇ ಕಾಣಿಸಿಕೊಳ್ಳುತ್ತದೆ.

ಹೆಜ್ಜೆ 1: ಚಿಕ್ಕ ಜಾಗ ಹಿಡಿಯಿರಿ, ಅದು ಯಾರದೆಂದು ಮೊದಲು ತಿಳಿಯಿರಿ

ಇಡೀ ಬಡಾವಣೆಯನ್ನು ಒಮ್ಮೆಗೇ ಎತ್ತಿಕೊಳ್ಳಬೇಡಿ. ಒಂದು ಗುಡಿಯ ಮುಂದಿನ ಬಯಲು, ಎರಡು ಬೀದಿ ಕೂಡುವ ಜಾಗ, ಒಂದು ಹೊಂಡದ ಸುತ್ತಲಿನ ಪಟ್ಟಿ ಸಾಕು. ದಾಖಲೆಗಳನ್ನು ಪಾಲಿಕೆಯಲ್ಲಿ ನೋಡಿ. ಗುಡಿಯ ಜಾಗವಾದರೆ ಮುಜರಾಯಿ ಇಲಾಖೆ, ದರ್ಗಾದ ಜಾಗವಾದರೆ ವಕ್ಫ್ ಮಂಡಳಿ, ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಏನೆಂದು ಗುರುತಾಗಿದೆ ಎಂಬುದಕ್ಕೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಒಂದೇ ಬಯಲಿನಲ್ಲಿ ಮೂರು ಒಡೆತನ ಸೇರಿರುವುದು ಹಳೇ ಊರುಗಳಲ್ಲಿ ಅಪರೂಪವಲ್ಲ. ಇದು ನಕ್ಷೆ ಮುಗಿದ ಮೇಲೆ ತಿಳಿದರೆ ಕೆಲಸವೆಲ್ಲ ನಿಂತುಹೋಗುತ್ತದೆ.

ಚಿತ್ರದುರ್ಗದವರಿಗೆ ಇನ್ನೊಂದು ಮಾತು. ಕೋಟೆ ಭಾರತೀಯ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರಿನೊಳಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ, ಅಲ್ಲಿಂದಾಚೆಗೆ ಇನ್ನೂ 200 ಮೀಟರು ನಿಯಂತ್ರಿತ ವಲಯ. ಕೋಟೆಯ ಬುಡದ ಬೀದಿಗಳಲ್ಲಿ ಒಂದು ಮಂಟಪ ಕಟ್ಟುವ ಯೋಚನೆಯಿದ್ದರೂ ಮೊದಲು ಈ ಗೆರೆಗಳನ್ನು ನಕ್ಷೆಯ ಮೇಲೆ ಎಳೆದುಕೊಳ್ಳಿ.

ಹೆಜ್ಜೆ 2: ಗಡಿಯಾರ ಮತ್ತು ಪಂಚಾಂಗ ಎರಡನ್ನೂ ಹಿಡಿದು ನೋಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ಹೆಚ್ಚಿನ ಯೋಜನೆಗಳಲ್ಲಿ ಇಲ್ಲವೇ ಇಲ್ಲದ ಹೆಜ್ಜೆಯೂ ಇದೇ.

ಜಾಗದ ನಕ್ಷೆಯನ್ನು 1:200 ಪ್ರಮಾಣದಲ್ಲಿ (ನಕ್ಷೆಯ ಒಂದು ಸೆಂಟಿಮೀಟರ್ ಎಂದರೆ ನೆಲದ ಎರಡು ಮೀಟರ್) ಬರೆದು ಹತ್ತಾರು ಪ್ರತಿ ಮಾಡಿಸಿ. ಬೆಳಗಿನ ಜಾವ, ಹನ್ನೊಂದರ ಹೊತ್ತು, ಇಳಿಬಿಸಿಲು, ರಾತ್ರಿ ಊಟದ ನಂತರ, ಹೀಗೆ ದಿನಕ್ಕೆ ನಾಲ್ಕು ಹೊತ್ತು ಒಂದೊಂದು ಪ್ರತಿಯ ಮೇಲೆ ಗುರುತು ಹಾಕಿ. ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ, ಯಾರು ನಿಲ್ಲದೆ ಸಾಗುತ್ತಾರೆ, ನೆರಳು ಎಲ್ಲಿ ಬೀಳುತ್ತದೆ, ಸಾಮಾನು ಎಲ್ಲಿ ಇಳಿಯುತ್ತದೆ. ವಾರದ ದಿನ ಒಂದು, ಭಾನುವಾರ ಒಂದು, ಸಂತೆಯ ದಿನ ಒಂದು, ಅಮಾವಾಸ್ಯೆ ಒಂದು ಬೇಕೇ ಬೇಕು. ಅಮಾವಾಸ್ಯೆಯಂದು ಗುಡಿಯ ಮುಂದೆ ಸೇರುವ ಜನಕ್ಕೂ ಮರುದಿನ ಬರುವ ಜನಕ್ಕೂ ಹೋಲಿಕೆಯೇ ಇರುವುದಿಲ್ಲ.

ನಂತರ ಪಂಚಾಂಗ. ವರ್ಷದ ಹಬ್ಬಗಳನ್ನು ಸಾಲಾಗಿ ಬರೆದು, ಪ್ರತಿಯೊಂದಕ್ಕೂ ಈ ಜಾಗ ಏನಾಗುತ್ತದೆ ಎಂದು ಹಿರಿಯರ ಬಾಯಿಂದ ಕೇಳಿ ತುಂಬಿಸಿ. ಹೋಳಿ ಹಬ್ಬಕ್ಕೆ ಕಾಮನನ್ನು ಸುಡುವುದು ಎಲ್ಲಿ? ನಮ್ಮ ಭಾಗದ ಅನೇಕ ಊರುಗಳಲ್ಲಿ ಮೊಹರಂ ಬಂದಾಗ ಹಿಂದೂ–ಮುಸ್ಲಿಮರೆಲ್ಲ ಸೇರುವ ಅಲಾಯಿ ಕುಣಿ, ಅಂದರೆ ಬೆಂಕಿ ಹಾಕುವ ಗುಂಡಿ, ನಿಮ್ಮ ಬೀದಿಯಲ್ಲಿ ಎಲ್ಲಿದೆ? ಗಣಪತಿಯನ್ನು ಕೂರಿಸುವ ಮೂಲೆ ಯಾವುದು, ಮೆರವಣಿಗೆ ತಿರುಗುವ ಕಡೆ ಯಾವುದು? ಜಾತ್ರೆಯ ಹಂದರಗಂಬ ನೆಡುವುದು ಎಲ್ಲಿ, ಬಯಲು ಕುಸ್ತಿಯ ಅಖಾಡ ಎಲ್ಲಿ ಬೀಳುತ್ತದೆ, ಚರಗ (ದೇವಿಯ ಹೆಸರಲ್ಲಿ ಎರಚುವ ಎಡೆ) ಚೆಲ್ಲುತ್ತಾ ಹೋಗುವ ದಾರಿ ಯಾವುದು? ಅಲಾಯಿ ಕುಣಿ ವರ್ಷದ ಬಹುಪಾಲು ದಿನ ಮಣ್ಣು ಮುಚ್ಚಿದ ಒಂದು ವೃತ್ತ ಅಷ್ಟೇ. ಅದರ ಅರ್ಥ ಗೊತ್ತಿಲ್ಲದ ಗುತ್ತಿಗೆದಾರ ಅದರ ಮೇಲೆ ಕಾಂಕ್ರೀಟ್ ಸುರಿಯುತ್ತಾನೆ. ಆಮೇಲೆ ಒಂದು ಆಚರಣೆಯೇ ಬೀದಿ ಬಿಟ್ಟು ಹೋಗುತ್ತದೆ.

ಕಸುಬುಗಳನ್ನೂ ಹೀಗೆಯೇ ನೋಡಿ. ಭದ್ರಾ ನಾಲೆಯ ನೀರು ಬಂದ ಮೇಲೆ ಭತ್ತದ ನಾಡಾದ ದಾವಣಗೆರೆಯ ಸೀಮೆಯಲ್ಲಿ ಮಂಡಕ್ಕಿ ಭಟ್ಟಿಗಳು ನೂರಾರು ಕುಟುಂಬಗಳ ಅನ್ನ. ನೆನೆಸಿದ ಭತ್ತವನ್ನು ಒಣಹಾಕಲು ಬಿಸಿಲು ಬೀಳುವ ಬಯಲು ಬೇಕು, ಮೂಟೆ ಇಳಿಸಲು ಗಾಡಿ ಬರಬೇಕು, ಭಟ್ಟಿಯ ಬಿಸಿಯಿಂದ ಹೊರಬಂದವರು ಕೂರಲು ನೆರಳು ಬೇಕು. ಗೋಡೆಯ ಮೇಲೆ ಮಂಡಕ್ಕಿ ಹುರಿಯುವ ಹೆಂಗಸಿನ ಚಿತ್ರ ಬರೆಸುವ ಹಣದಲ್ಲಿ ಒಂದು ಸಾಮೂಹಿಕ ಒಣಕಣ ಮಾಡಿಕೊಡಬಹುದು.

ಹೆಜ್ಜೆ 3: ಕೇಳುವ ಕ್ರಮ ಬದಲಿಸಿ

ಕಚೇರಿಯ ಸಭಾಂಗಣದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಬಿಡುವಿದ್ದ ಗಂಡಸರು ಬರುತ್ತಾರೆ. ಅದನ್ನೂ ನಡೆಸಿ, ಆದರೆ ಅದಷ್ಟನ್ನೇ ಜನಾಭಿಪ್ರಾಯ ಎಂದು ದಾಖಲಿಸಬೇಡಿ. ಹೆಂಗಸರ ಬಳಿಗೆ ಮಧ್ಯಾಹ್ನ ಕೆಲಸ ಮುಗಿದ ಹೊತ್ತಿಗೆ ನೀವೇ ಹೋಗಿ. ಸ್ವಸಹಾಯ ಸಂಘದ ವಾರದ ಸಭೆ ಒಳ್ಳೆಯ ಜಾಗ. ತಳ್ಳುಗಾಡಿಯವರನ್ನು ವ್ಯಾಪಾರ ಇಳಿದ ಮೇಲೆ ಮಾತಾಡಿಸಿ. ಮಕ್ಕಳಿಗೆ ಸೀಮೆಸುಣ್ಣ ಕೊಟ್ಟು ಎಲ್ಲಿ ಆಡುತ್ತೀರಿ ಎಂದು ನೆಲದ ಮೇಲೆಯೇ ಬರೆಯಲು ಹೇಳಿ.

ನಿಮಗೆ ಏನು ಬೇಕು ಎಂದು ಕೇಳಿದರೆ ಉದ್ಯಾನ, ಜಿಮ್, ಹೈಮಾಸ್ಟ್ ದೀಪ ಎಂಬ ಉತ್ತರ ಬರುತ್ತದೆ. ಬೇರೆ ಊರಿನಲ್ಲಿ ಕಂಡದ್ದನ್ನು ಜನ ಹೇಳುವುದು ಸಹಜ. ಬದಲಾಗಿ ಹೀಗೆ ಕೇಳಿ: ಬಸ್ಸಿಗೋ ನೀರಿಗೋ ಕಾಯುವಾಗ ಎಲ್ಲಿ ನಿಲ್ಲುತ್ತೀರಿ? ಭಾರ ಹೊತ್ತು ಬರುವಾಗ ಎಲ್ಲಿ ಇಳಿಸುತ್ತೀರಿ? ಮನೆಯಲ್ಲಿ ಸಾವಾದರೆ ಬಂದವರು ಎಲ್ಲಿ ಕೂರುತ್ತಾರೆ? ಮದುವೆಯ ಅಡುಗೆ ಎಲ್ಲಿ ಆಗುತ್ತದೆ? ಕತ್ತಲಾದ ಮೇಲೆ ಯಾವ ದಾರಿ ಬಿಡುತ್ತೀರಿ?

ಕೊನೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಈ ಜಾಗಕ್ಕೆ ಯಾರು ಬರುವುದಿಲ್ಲ? ನಮ್ಮ ಸಂಸ್ಕೃತಿಯೊಳಗೆ ದೂರವಿಡುವುದೂ ಸೇರಿದೆ. ಅರಳಿಕಟ್ಟೆಯ ಮೇಲೆ ಯಾರು ಕೂರಬಹುದು, ಗುಡಿಯ ಮುಂದಿನ ಬಯಲಿನಲ್ಲಿ ಯಾರು ಎಷ್ಟು ದೂರ ನಿಲ್ಲಬೇಕು ಎಂಬ ಅಘೋಷಿತ ಗೆರೆಗಳು ಇನ್ನೂ ಅಳಿಸಿಲ್ಲ. ಸ್ಥಳೀಯ ಪದ್ಧತಿಯನ್ನು ಗೌರವಿಸುತ್ತೇವೆ ಎಂದು ಹೇಳುತ್ತಾ ಆ ಗೆರೆಯನ್ನೂ ಕಲ್ಲಿನಲ್ಲಿ ಕಟ್ಟಿಬಿಟ್ಟರೆ ಅದು ಅನ್ಯಾಯ. ಎತ್ತರದ ಒಂದೇ ಕಟ್ಟೆಯ ಬದಲು ಎಲ್ಲ ದಿಕ್ಕಿನಿಂದ ಹತ್ತಬಹುದಾದ ಹಲವು ಕಟ್ಟೆಗಳನ್ನು ಹಾಕಿ. ದಲಿತ ಕೇರಿಯಿಂದ ಬರುವ ದಾರಿಯನ್ನು ಚೌಕದ ಹಿಂಭಾಗಕ್ಕೆ ಸೇರಿಸದೆ ಮುಖ್ಯ ಬಾಗಿಲಿಗೇ ತನ್ನಿ. ಕುಡಿಯುವ ನೀರಿನ ನಲ್ಲಿಯನ್ನು ಎಲ್ಲರ ಕಣ್ಣೆದುರು ನಡುವೆ ಇಡಿ. ಇವು ನಕ್ಷೆಯಲ್ಲಿ ತೀರ್ಮಾನವಾಗುವ ಸಂಗತಿಗಳು.

ಹೆಜ್ಜೆ 4: ಕಂಡದ್ದನ್ನು ಅಳತೆಗೆ ಇಳಿಸಿ

ಇನ್ನು ಟೇಪು ಹಿಡಿಯುವ ಕೆಲಸ.

ಕಟ್ಟೆ: ಕೂರುವ ಎತ್ತರ 400ರಿಂದ 450 ಮಿಲಿಮೀಟರ್. ಅಗಲ 750ಕ್ಕೆ ಕಡಿಮೆ ಬೇಡ, 900 ಇದ್ದರೆ ಉತ್ತಮ. ನಮ್ಮ ಜನ ಕಾಲು ಇಳಿಬಿಟ್ಟು ಎಷ್ಟು ಕೂರುತ್ತಾರೋ ಚಕ್ಕಳಮಕ್ಕಳ ಹಾಕಿಕೊಂಡೂ ಅಷ್ಟೇ ಕೂರುತ್ತಾರೆ, ನಡುವೆ ಬುತ್ತಿ ಬಿಚ್ಚುತ್ತಾರೆ, ಚೌಕಾಬಾರ ಹಾಸುತ್ತಾರೆ. ಕ್ಯಾಟಲಾಗಿನಿಂದ ತಂದ ಕಬ್ಬಿಣದ ಬೆಂಚಿನ ಮೇಲೆ ಇದಾವುದೂ ಆಗದು. ಒಂದು ಬದಿಗಾದರೂ ಒರಗುವ ಬೆನ್ನುಗೋಡೆ ಕೊಡಿ, ಮುದುಕರಿಗೆ ಏಳುವಾಗ ಹಿಡಿಯಲು ಏನಾದರೂ ಬೇಕು.

ಕಾಲುದಾರಿ: ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿಯಂತೆ ವಸತಿ ಬೀದಿಯಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್. ಕಂಬ, ಪೆಟ್ಟಿಗೆ, ಗಿಡದ ಗುಣಿ ಬಿಟ್ಟು ಉಳಿಯುವ ಅಗಲ ಅದು. ಇಳಿಜಾರು ಹಾದಿ 1:12ಕ್ಕಿಂತ (ಹನ್ನೆರಡು ಮೀಟರ್ ದೂರಕ್ಕೆ ಒಂದು ಮೀಟರ್ ಏರು) ಕಡಿದಾಗದಿರಲಿ.

ಹಂದರದ ಕುಳಿ: ಹೆಚ್ಚು ಖರ್ಚಿಲ್ಲದೆ ಹೆಚ್ಚು ಫಲ ಕೊಡುವ ವಿವರ ಇದು. ಪ್ರತಿ ಹಬ್ಬಕ್ಕೂ ಶಾಮಿಯಾನದವರು ಹಾರೆಯಿಂದ ಹಾಸುಗಲ್ಲು ಒಡೆದು ಗೂಟ ಹೊಡೆಯುತ್ತಾರೆ, ಆ ತೂತಿನಿಂದ ನೀರು ಇಳಿದು ಮುಂದಿನ ಮಳೆಗಾಲಕ್ಕೆ ನೆಲ ಕುಸಿಯುತ್ತದೆ. ಹಂದರದವರನ್ನೇ ಕರೆದು ಕಂಬಗಳ ಅಂತರ ಕೇಳಿಕೊಳ್ಳಿ. ಆ ಅಂತರಕ್ಕೆ ಸರಿಯಾಗಿ ಸುಮಾರು 600 ಮಿಲಿಮೀಟರ್ ಆಳಕ್ಕೆ ಕಬ್ಬಿಣದ ಕೊಳವೆಗಳನ್ನು ಹೂತು, ತಳದಲ್ಲಿ ಜಲ್ಲಿ ತುಂಬಿ, ಮೇಲೆ ನೆಲದ ಮಟ್ಟಕ್ಕೆ ಕೂರುವ ಮುಚ್ಚಳ ಹಾಕಿ. ಹಬ್ಬಕ್ಕೆ ಮುಚ್ಚಳ ತೆಗೆದು ಕಂಬ ನಿಲ್ಲಿಸಿದರಾಯಿತು.

ತಲೆಯ ಮೇಲಿನ ಎತ್ತರ: ತೇರು, ಗಣಪತಿ, ಮೊಹರಂನ ಪಂಜಾ ಮೆರವಣಿಗೆ ಸಾಗುವ ದಾರಿಯಲ್ಲಿ ತಂತಿಗಳನ್ನು ನೆಲದಡಿಗೆ ಹಾಕಿಸುವುದಕ್ಕೇ ಹಣದ ಮೊದಲ ಪಾಲು ಹೋಗಲಿ. ಇದು ಪ್ರಾಣದ ಪ್ರಶ್ನೆ. ಅಲಂಕಾರದ ದೀಪಗಂಬಗಳು ಕಾಯಬಹುದು.

ಮನೆಬಾಗಿಲು: ಬೀದಿಯ ಮಟ್ಟ ಏರುತ್ತಾ ಏರುತ್ತಾ ಹಳೆಯ ಮನೆಗಳ ಜಗಲಿ ತಗ್ಗಿಗೆ ಬಿದ್ದಿರುವುದನ್ನು ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯಂಥ ಹಳೆಯ ಪೇಟೆಗಳಲ್ಲಿ ತಿರುಗಿದವರೆಲ್ಲ ಕಂಡಿರುತ್ತಾರೆ. ಹೊಸ ಪದರ ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯಬೇಕೆಂದು ಅಂದಾಜುಪಟ್ಟಿಯಲ್ಲೇ ಬರೆಸಿ. ಹೊಸ್ತಿಲ ಮುಂದೆ ರಂಗೋಲಿಗೆ ಒಂದು ನಯವಾದ ಕಲ್ಲಿನ ಪಟ್ಟಿ ಬಿಡಿ. ಇಂಟರ್‌ಲಾಕ್ ಟೈಲ್ಸಿನ ಸಂದಿಗಳ ಮೇಲೆ ಎಳೆ ನಿಲ್ಲುವುದಿಲ್ಲ, ಸಾರಿಸಿ ತೊಳೆದ ನೀರೂ ಹರಿಯುವುದಿಲ್ಲ.

ಹೆಜ್ಜೆ 5: ಕಲ್ಲು, ಮಣ್ಣು, ಮರ

ನೆಲಕ್ಕೆ ಹಾಸಲು ನಮ್ಮ ಸೀಮೆಯ ಗ್ರಾನೈಟ್ ಇರಲಿ. ಮೆರುಗು ಕೊಟ್ಟ ಕಲ್ಲು ಮಳೆಯಲ್ಲಿ ಜಾರುತ್ತದೆ, ತೀರಾ ಒರಟು ಕಲ್ಲು ಉರುಳುಸೇವೆ ಮಾಡುವವರ ಮೈ ಕೆರೆಯುತ್ತದೆ. ಉಳಿಪೆಟ್ಟಿನ ನಂತರ ಹದವಾಗಿ ಉಜ್ಜಿದ ಮೇಲ್ಮೈ ಬೇಕು. ಬರಿಗಾಲಲ್ಲಿ ಜನ ನಡೆಯುವ ದಾರಿಗೆ ಕಪ್ಪು ಕಲ್ಲು ಬೇಡವೇ ಬೇಡ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಕಾಲಿಡಲಾಗದು. ತಿಳಿ ಬೂದುಬಣ್ಣದ ಕಲ್ಲು, ಮೇಲೆ ಮರದ ನೆರಳು, ಎರಡೂ ಸೇರಬೇಕು.

ಎರೆಮಣ್ಣು ಇರುವ ಕಡೆ ಎಚ್ಚರ ಹೆಚ್ಚು ಬೇಕು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಅದು, ಮೇಲೆ ಏನು ಹಾಸಿದರೂ ಎರಡು ವರ್ಷಕ್ಕೆ ಅಲೆಯಂತಾಗುತ್ತದೆ. ಗುಣಿ ತೆಗೆದು ಪರೀಕ್ಷಿಸಿ, ಎರೆ ಸಿಕ್ಕರೆ ಎಂಜಿನಿಯರ್ ಹೇಳಿದಷ್ಟು ಆಳಕ್ಕೆ ಅದನ್ನು ತೆಗೆಸಿ ಗರಸು ತುಂಬಿಸಿ ಪದರ ಪದರವಾಗಿ ದಮ್ಮಸು ಮಾಡಿಸಿ. ಈ ಖರ್ಚು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಮೊದಲು ಕತ್ತರಿ ಬೀಳುವುದು ಇದಕ್ಕೇ. ಬಿಟ್ಟುಕೊಡಬೇಡಿ.

ಮರಕ್ಕೆ ಬೇವು, ಹೊಂಗೆ, ಅರಳಿ, ಹುಣಸೆ. ದುರ್ಗಾಂಬಿಕೆಯ ಜಾತ್ರೆಗೆ ಬೇವಿನ ಸೊಪ್ಪು ಬೇಕು, ಯುಗಾದಿಗೂ ಬೇಕು. ಗುಡಿಯ ಸುತ್ತ ಬೇವು ನೆಟ್ಟರೆ ನೆರಳಿಗೆ ನೆರಳು, ಸೇವೆಗೆ ಸೊಪ್ಪು. ಬುಡದ ಸುತ್ತ ಕನಿಷ್ಠ ಒಂದೂವರೆ ಮೀಟರ್ ಚೌಕ ತೆರೆದ ಮಣ್ಣು ಬಿಡಿ. ಇರುವ ಮರಗಳ ಸುತ್ತಲೇ ನಕ್ಷೆ ಬರೆಯಿರಿ, ನಕ್ಷೆಗಾಗಿ ಮರ ಕಡಿಯಬೇಡಿ.

ಹೆಜ್ಜೆ 6: ನೀರಿನ ದಾರಿ ಹುಡುಕಿ

ಇಲ್ಲಿ ಚಿತ್ರದುರ್ಗವೇ ಗುರು. ಮಳೆ ಕಡಿಮೆಯಿರುವ ಬಂಡೆಗಳ ಮೇಲೆ ಕಟ್ಟಿದ ಕೋಟೆಯೊಳಗೆ ಒಂದು ಹನಿಯೂ ಪೋಲಾಗದಂತೆ ಹೊಂಡಗಳನ್ನು ಒಂದರ ಕೆಳಗೊಂದು ಜೋಡಿಸಿದರು. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದದ್ದು ಅಕ್ಕ–ತಂಗಿಯರ ಹೊಂಡಕ್ಕೆ, ಅಲ್ಲಿಂದ ಇಳಿದದ್ದು ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ. ಸಂತೆ ಹೊಂಡದ ಹೆಸರೇ ಹೇಳುವಂತೆ ನೀರಿನ ಪಕ್ಕದಲ್ಲೇ ವ್ಯಾಪಾರ, ಮೆಟ್ಟಿಲ ಮೇಲೆಯೇ ವಿಶ್ರಾಂತಿ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಿ ಬನ್ನಿ. ನೀರಿನ ನಡುವೆ ಮಂಟಪ, ಸುತ್ತ ಮೆಟ್ಟಿಲು, ಪಕ್ಕದಲ್ಲಿ ಮುಸಾಫಿರ್‌ಖಾನೆ. ಗುಡಿಯ ಶೈಲಿ, ಮಸೀದಿಯ ಶೈಲಿ ಎರಡೂ ಒಂದೇ ಜಾಗದಲ್ಲಿ ಹೊಂದಿಕೊಂಡು ನಿಂತಿವೆ. ಮಧ್ಯ ಕರ್ನಾಟಕದ ಗುರುತು ಯಾವುದೆಂದು ಕೇಳುವವರನ್ನು ನಾನು ಮೊದಲು ಅಲ್ಲಿಗೇ ಕಳಿಸುತ್ತೇನೆ.

ನಿಮ್ಮ ಜಾಗದಲ್ಲಿ ಮಾಡಬೇಕಾದದ್ದು: ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂದು ನಕ್ಷೆಯ ಮೇಲೆ ಬಾಣ ಹಾಕಿ. ತಗ್ಗಿನಲ್ಲಿ ಮೂರು–ನಾಲ್ಕು ಮೆಟ್ಟಿಲ ಆಳದ ಚೌಕ ಮಾಡಿದರೆ ಮಳೆಯಲ್ಲಿ ನೀರು ಹಿಡಿದು ಇಂಗಿಸುತ್ತದೆ, ಉಳಿದ ದಿನ ಅದೇ ಬಯಲಾಟಕ್ಕೆ, ಭಜನೆಗೆ, ಮಕ್ಕಳ ಆಟಕ್ಕೆ ಅಂಗಳವಾಗುತ್ತದೆ. ಒಳಚರಂಡಿಯ ನೀರು ಅದಕ್ಕೆ ಸೇರದಂತೆ ನೋಡಿಕೊಳ್ಳುವುದು ಮಾತ್ರ ಮೊದಲ ಷರತ್ತು. ಹಳೆಯ ಹೊಂಡವಿದ್ದರೆ ಕಾರಂಜಿ, ಬಣ್ಣದ ದೀಪಗಳ ಮೊದಲು ಅದರ ಒಳಹರಿವಿನ ಕಾಲುವೆಯನ್ನು ಹುಡುಕಿ ಬಿಡಿಸಿ.

ಹೆಜ್ಜೆ 7: ಬೀದಿ ವ್ಯಾಪಾರಿಗಳನ್ನು ನಕ್ಷೆಯೊಳಗೆ ಬರೆಯಿರಿ

ಸಂಜೆಯ ಖಾರ ಮಂಡಕ್ಕಿ, ಮಿರ್ಚಿ, ಬೆಣ್ಣೆದೋಸೆಯ ಹೊಗೆ ಇಲ್ಲದ ದಾವಣಗೆರೆಯನ್ನು ಊಹಿಸುವುದು ಕಷ್ಟ. ಆದರೂ ಸುಂದರೀಕರಣದ ಹೆಸರಿನಲ್ಲಿ ಮೊದಲು ಎಬ್ಬಿಸುವುದು ಇವರನ್ನೇ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನಿಮ್ಮ ಬೆಂಬಲಕ್ಕಿದೆ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. 50 ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸುವಂತಿಲ್ಲ. ಹಳೇ ಪೇಟೆಗಳ ವಿಷಯದಲ್ಲಿ ಈ ಅವಕಾಶವನ್ನು ತೀರಾ ಕಡಿಮೆ ಬಳಸುತ್ತಿದ್ದೇವೆ.

ಪ್ರತಿ ಗಾಡಿಗೂ ನಿಲ್ಲುವ ಜಾಗ, ಗಿರಾಕಿ ನಿಲ್ಲುವ ಜಾಗ, ಪಾತ್ರೆ ತೊಳೆಯುವ ನೀರು, ಎಣ್ಣೆ ನೀರು ಹೋಗುವ ಜಾಲರಿ, ಒಂದು ದೀಪದ ಸಂಪರ್ಕ ಗುರುತಿಸಿ. ಇವು ಕಾಲುದಾರಿಯ 1.8 ಮೀಟರಿನಿಂದ ಹೊರಗಿರಲಿ. ಗಾಡಿಯವರು ಈಗ ಎಲ್ಲಿ ನಿಲ್ಲುತ್ತಾರೋ ಅದರ ಹತ್ತಿರದಲ್ಲೇ ಕೊಡಿ. ಸಂಜೆಯ ಗಿರಾಕಿ ಮೂಲೆ ಬದಲಿಸಿ ಹುಡುಕಿಕೊಂಡು ಹೋಗುವುದಿಲ್ಲ.

ಹೆಜ್ಜೆ 8: ಪ್ರತಿಮೆ, ಕಮಾನು, ಹೆಸರು

ಪ್ರತಿಮೆಯ ಬೇಡಿಕೆ ಬಂದೇ ಬರುತ್ತದೆ, ಅದರ ಹಿಂದಿನ ಭಾವನೆ ಪ್ರಾಮಾಣಿಕವಾದದ್ದು. ಆದರೆ ರಸ್ತೆ, ಕಾಲುದಾರಿಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶಿಸಿದೆ. ಅದನ್ನು ಮೊದಲ ಸಭೆಯಲ್ಲೇ ವಿನಯದಿಂದ ತಿಳಿಸಿ, ಸ್ಮರಣೆಗೆ ಬೇರೆ ದಾರಿ ತೋರಿಸಿ. ದಾವಣಗೆರೆ ಕೆ.ಬಿ.ಆರ್. ಡ್ರಾಮಾ ಕಂಪನಿಯ, ರಂಗನಟಿ ಚಿಂದೋಡಿ ಲೀಲಾ ಅವರ ಊರು. ಅವರ ನೆನಪಿಗೆ ಕಂಪನಿ ನಾಟಕದ ಟೆಂಟು ಬಿಚ್ಚಿ ಕಟ್ಟಲು ಬರುವಂಥ, ಲಾರಿ ಒಳಬರುವ ದಾರಿಯಿರುವ, ವಿದ್ಯುತ್ ಪೆಟ್ಟಿಗೆಯಿರುವ ಒಂದು ಬಯಲಿಗಿಂತ ಒಳ್ಳೆಯ ಸ್ಮಾರಕ ನನಗೆ ತೋಚುವುದಿಲ್ಲ. ಗರಡಿಮನೆ ಇರುವ ಬೀದಿಯಲ್ಲಿ ಕುಸ್ತಿಗೆ ಕೆಮ್ಮಣ್ಣಿನ ಅಖಾಡ ಬಿಡಿ.

ಚಿತ್ರದುರ್ಗದಲ್ಲಿ ಗೋಡೆಗಳ ಮೇಲೆ ಕೋಟೆಯ ಚಿತ್ರ ಬರೆಸುವ ಉತ್ಸಾಹವಿದೆ. ಅದಕ್ಕಿಂತ ಮುಖ್ಯವಾದದ್ದು ಬೀದಿಯ ತುದಿಯಲ್ಲಿ ನಿಜವಾದ ಕೋಟೆ ಕಾಣುತ್ತಲೇ ಇರುವುದು. ಯಾವ ಯಾವ ಬೀದಿಯಿಂದ ಬೆಟ್ಟದ ಬತೇರಿ (ಕೋಟೆಯ ಬುರುಜು) ಕಾಣುತ್ತದೆ ಎಂದು ಫೋಟೊ ತೆಗೆದು, ಆ ನೋಟಕ್ಕೆ ಫಲಕ, ಕಮಾನು, ಮೇಲಂತಸ್ತು ಅಡ್ಡ ಬಾರದಂತೆ ಯೋಜನೆಯಲ್ಲಿ ಸೇರಿಸಿ. ರಂಗಯ್ಯನ ಬಾಗಿಲಿನಂಥ ಹಳೆಯ ದ್ವಾರವಿರುವ ಊರಿಗೆ ಹೊಸ ಕಮಾನು ಬೇಕಾಗಿಲ್ಲ.

ಅಂಗಡಿ, ಸಂಸ್ಥೆಗಳ ನಾಮಫಲಕಗಳಲ್ಲಿ ಕನ್ನಡ ಶೇಕಡ 60ರಷ್ಟು ಇರಬೇಕೆಂಬುದು 2024ರಿಂದ ಕಾನೂನು. ಬೀದಿ, ಚೌಕದ ಫಲಕಕ್ಕೆ ಜನರ ಬಾಯಲ್ಲಿರುವ ಹಳೆಯ ಹೆಸರನ್ನೇ ಬರೆಸಿ, ಪ್ಲಾಸ್ಟಿಕ್ ಹಾಳೆಯ ಬದಲು ಕಲ್ಲಿನಲ್ಲಿ ಕೆತ್ತಿಸಿ.

ಹೆಜ್ಜೆ 9: ಕಟ್ಟುವ ಮೊದಲು ಬರೆದು ನೋಡಿ

ಸುಣ್ಣದ ಪುಡಿಯಿಂದ ಇಡೀ ನಕ್ಷೆಯನ್ನು ನೆಲದ ಮೇಲೆ ಎಳೆಯಿರಿ. ಕಟ್ಟೆಯ ಜಾಗಕ್ಕೆ ಮರಳುಚೀಲ ಜೋಡಿಸಿ, ನೆರಳಿಗೆ ಶಾಮಿಯಾನ ಕಟ್ಟಿ, ದಾರಿ ತಿರುಗಿಸಲು ಹಗ್ಗ ಹಿಡಿಯಿರಿ. ಒಂದು ತಿಂಗಳು ಹಾಗೆಯೇ ಬಿಡಿ. ಜನ ಮರಳುಚೀಲವನ್ನು ಎಲ್ಲಿಗೆ ಎಳೆದುಕೊಂಡು ಹೋಗಿ ಕೂರುತ್ತಾರೋ ಕಟ್ಟೆಯ ನಿಜವಾದ ಜಾಗ ಅದು.

ಹೆಜ್ಜೆ 10: ಕಾಗದದಲ್ಲಿ ಭದ್ರ ಮಾಡಿ

ಟೆಂಡರಿನಲ್ಲಿ ಬರೆಯದ್ದು ನೆಲದಲ್ಲಿ ಬರುವುದಿಲ್ಲ. ಕಲ್ಲಿನ ದಪ್ಪ, ಬಣ್ಣ, ಮೇಲ್ಮೈ, ಸಂದಿಯ ಅಗಲ, ಹಂದರದ ಕೊಳವೆಗಳ ಸಂಖ್ಯೆ, ಅಲಾಯಿ ಕುಣಿಯ ಸುತ್ತ ಬಿಡಬೇಕಾದ ಮಣ್ಣಿನ ವೃತ್ತದ ವ್ಯಾಸ, ಎಲ್ಲವನ್ನೂ ಪ್ರತ್ಯೇಕ ಸಾಲುಗಳಾಗಿ ಬರೆಸಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ದರ ವಿಶ್ಲೇಷಣೆ ಮಾಡಿಸಿ ಸೇರಿಸಬಹುದು. ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೆ ಕೈಬಿಡಬೇಡಿ. ಪೂರ್ತಿ ಹಾಸುವ ಮೊದಲು ಎರಡು ಮೀಟರ್ ಚೌಕದ ಮಾದರಿ ಮಾಡಿಸಿ, ಬೀದಿಯ ಹಿರಿಯರಿಗೆ ಬರಿಗಾಲಲ್ಲಿ ನಡೆಸಿ, ನೀರು ಸುರಿದು ನೋಡಿ, ಆಮೇಲೆ ಒಪ್ಪಿಗೆ ಕೊಡಿ. ಜಾತ್ರೆಯ ವರ್ಷವಾದರೆ ಕೆಲಸವನ್ನು ಹಂದರಗಂಬದ ಪೂಜೆಗೆ ಎರಡು ತಿಂಗಳು ಮೊದಲೇ ಮುಗಿಸುವ ಷರತ್ತು ಇರಲಿ.

ನಿರ್ವಹಣೆಗೆ ಒಂದು ಪುಟದ ಒಪ್ಪಂದ ಸಾಕು. ದಿನದ ಕಸ ಪಾಲಿಕೆಗೆ, ಕೊಳವೆಯ ಮುಚ್ಚಳಗಳ ಕೀಲಿ ಜಾತ್ರಾ ಸಮಿತಿಗೂ ಮೊಹರಂ ನಡೆಸುವವರಿಗೂ ಒಂದೊಂದು ಪ್ರತಿ, ಗಿಡಗಳಿಗೆ ಮೊದಲ ಮೂರು ಬೇಸಿಗೆ ನೀರು ಹಾಕುವವರ ಹೆಸರು, ಜಾಲರಿ ಸ್ವಚ್ಛತೆಗೆ ವ್ಯಾಪಾರಿಗಳ ಪಾಳಿ. ಗುತ್ತಿಗೆದಾರನ ಹೊಣೆಗಾರಿಕೆಯ ಅವಧಿ ಮುಗಿಯುವುದರೊಳಗೆ ಒಂದು ಮಳೆಗಾಲ, ಒಂದು ದೊಡ್ಡ ಹಬ್ಬ ಎರಡೂ ಕಳೆಯಬೇಕು. ಅವೆರಡರ ಮರುದಿನ ಬೆಳಿಗ್ಗೆ ಅದೇ 1:200ರ ನಕ್ಷೆ ಹಿಡಿದು ಹೋಗಿ, ಒಡೆದ ಕಲ್ಲು, ನಿಂತ ನೀರು, ಜನ ತಾವೇ ಸರಿಸಿಕೊಂಡ ವಸ್ತುಗಳನ್ನು ಗುರುತು ಹಾಕಿ, ದುರಸ್ತಿಯ ಪಟ್ಟಿಯನ್ನು ವಾರ್ಡ್ ಸಭೆಯ ನಡಾವಳಿಗೆ ಸೇರಿಸಿ.